ಲೋಪ, ಆಗಮ, ಆದೇಶ ಮತ್ತು ಇಲಿ

ಕನ್ನಡ ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯಾದರೂ ತಪ್ಪು ಹುಡುಕುವ ಚಟ ಬಿಡುವುದಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಅಲ್ಪಪ್ರಾಣ ಮಹಾಪ್ರಾಣ ನೋಡುತ್ತೇನೆ. ಬಸವನಗುಡಿಯ ನಮ್ಮ ನೆಂಟರು ಈಗೀಗ ಅದನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಜಾಗ ಖಾಲಿ ಮಾಡುತ್ತಾರೆ. ಇಂಥ ಕಣ್ಣಿಗೆ ಸ್ವಂತ ದೇಹದ ತಪ್ಪು ಮಾತ್ರ ವರ್ಷವಾದರೂ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಸುಳ್ಳು, ಹೇಳಿಕೊಳ್ಳಲು ನಾಚಿಕೆ. ಮೂತ್ರಕ್ಕೆ ಪದೇ ಪದೇ ಹೋಗಬೇಕು, ಹೋದರೆ ಸಲೀಸಾಗಿ ಆಗದು. ಗಾಂಧಿ ಬಜಾರಿಗೆ ಹೊರಟರೆ ದಾರಿಯ ಹೋಟೆಲೊಂದಕ್ಕೆ ನುಗ್ಗಿ, ಸುಮ್ಮನೆ ಹೊರಬರುವುದು ಮರ್ಯಾದೆಯಲ್ಲವೆಂದು ಕಾಫಿ ಕುಡಿಯುತ್ತಿದ್ದೆ. ಆ ಕಾಫಿ ನನ್ನನ್ನು ಮುಂದಿನ ಹೋಟೆಲಿಗೆ ಕಳಿಸುತ್ತಿತ್ತು.

ಹೀಗಿರುವಾಗ ತಂಗಿಯ ಮಗಳು ಸಿಂಧು ಒಂದು ಕಂತೆ ಹಾಳೆ ತಂದಳು. ಇಲಿಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುತ್ತ ಹೋದಂತೆ ಜೀವಕೋಶದೊಳಗಿನ ವರ್ಣತಂತುಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು ಅವಳ ಕೆಲಸ. ಅದರ ಬಗ್ಗೆ ವಿಶ್ವೇಶ್ವರಪುರಂನ ಒಂದು ಸಭೆಯಲ್ಲಿ ಅವಳು ಕನ್ನಡದಲ್ಲಿ ಮಾತಾಡಬೇಕಿತ್ತು, ಭಾಷೆ ತಿದ್ದಲು ನಾನು. ಓದಿದೆ, ತಲೆಬುಡ ಅರ್ಥವಾಗಲಿಲ್ಲ.

"ಗಡ್ಡೆ ಬೆಳೀತಾ ಬೆಳೀತಾ ವರ್ಣತಂತುವಿನ ಒಂದು ಚೂರು ಕಳೆದುಹೋಗತ್ತೆ ಮಾಮ. ಇನ್ನೊಂದು ಕಡೆ ಹೆಚ್ಚಿಗೆ ಬಂದು ಸೇರ್ಕೊಳತ್ತೆ. ಕೆಲವು ಸಲ ಒಂದರ ಜಾಗದಲ್ಲಿ ಇನ್ನೊಂದು ಕೂತ್ಬಿಡತ್ತೆ" ಎಂದಳು.

"ಅಯ್ಯೋ ಹುಡುಗಿ, ಇದು ಲೋಪ, ಆಗಮ, ಆದೇಶ ಕಣೇ! ನಮ್ಮ ಸಂಧಿ ಪಾಠ!" ಎಂದೆ. ಊರು, ಅಲ್ಲಿ ಸೇರಿ 'ಊರಲ್ಲಿ' ಆಗುವಾಗ ಉಕಾರ ಬಿದ್ದುಹೋಗುವುದನ್ನೂ, 'ಮನೆಯನ್ನು' ಎಂಬಲ್ಲಿ ಯಕಾರ ಕರೆಯದೆ ಬರುವುದನ್ನೂ, 'ಮಳೆಗಾಲ'ದಲ್ಲಿ ಕಕಾರದ ಜಾಗಕ್ಕೆ ಗಕಾರ ಕೂರುವುದನ್ನೂ ಅರ್ಧ ಗಂಟೆ ಬೋಧಿಸಿದೆ. ನಡುವೆ ಮೂರು ಸಲ ಬಚ್ಚಲಿಗೆ ಹೋಗಿಬಂದೆ. ಸಿಂಧು ಪೆನ್ನು ಕೆಳಗಿಟ್ಟಳು.

"ಮಾಮ, ಎಷ್ಟು ದಿನದಿಂದ ಹೀಗೆ?"

"ಕಾಫಿ ಜಾಸ್ತಿ ಆಯ್ತು."

"ಸುಳ್ಳು ಹೇಳ್ಬೇಡಿ. ನಾಳೆ ಬೆಳಿಗ್ಗೆ ರೆಡಿಯಾಗಿರಿ, ನಾನೇ ಕರ್ಕೊಂಡ್ಹೋಗ್ತೀನಿ."

ರಕ್ತಪರೀಕ್ಷೆ, ಸ್ಕ್ಯಾನು, ಬಯಾಪ್ಸಿ ಎಲ್ಲ ಆಗಿ ಡಾಕ್ಟರು, "ಕ್ಯಾನ್ಸರೇ ಸಾರ್, ಆದ್ರೆ ಹರಡಿಲ್ಲ. ಸರಿಯಾದ ಹೊತ್ತಿಗೆ ಬಂದ್ರಿ" ಎಂದರು. ನನ್ನ ಹೆಂಡತಿ ಅಲ್ಲೇ ಸಿಂಧುವಿನ ಕೈ ಹಿಡಿದುಕೊಂಡು ಅತ್ತಳು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವವರೆಗೂ ನನಗೆ ಪ್ರಾಣಭಯ ಬಿಟ್ಟಿರಲಿಲ್ಲ. ಉಳಿದುಕೊಂಡೆ. ಆ ಹುಡುಗಿಯ ಋಣ ನನ್ನ ಮೇಲಿದೆ. ಮನೆಗೆ ಬಂದ ಮೇಲೆ ಒಂದು ದಿನ, "ನಿನ್ನ ಇಲಿಗಳು ಹೇಗಿವೆಯಮ್ಮ?" ಎಂದು ಕೇಳಿದೆ. "ಅವು ಉಳಿಯಲ್ಲ ಮಾಮ" ಎಂದಳು. ಅಂದಿನಿಂದ ದೇವರ ಮುಂದೆ ನಿಂತಾಗ ಗಣಪತಿಗೆ ಒಂದು ನಮಸ್ಕಾರ, ಅವನ ಕಾಲಬಳಿಯ ಇಲಿಗೆ ಬೇರೆಯೇ ಒಂದು.

ಅಡುಗೆಮನೆಗೆ ಇಲಿ ಸೇರಿದೆಯೆಂದು ನನ್ನ ಹೆಂಡತಿ ಬೋನು ತಂದಾಗಲೂ ಅದನ್ನು ಅಟ್ಟಕ್ಕೇರಿಸಿದವನು ನಾನೇ. "ಜೀವ ಉಳಿಸಿದ ಕುಲ ಕಣೇ, ಇರಲಿ ಬಿಡು" ಎಂದೆ. ಮುಂದಿನ ತಪಾಸಣೆಗೆ ಹೊರಟಾಗ ಫೈಲು ತೆಗೆದರೆ ಒಳಗಿದ್ದದ್ದು ಬರೀ ಚೂರು.

"ಹಿಂದಿನ ರಿಪೋರ್ಟ್ ಎಲ್ಲಿ ಸಾರ್?" ಎಂದರು ಡಾಕ್ಟರು.

"ಇಲಿ ತಿಂದ್ಬಿಡ್ತು."

ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಹೋಂವರ್ಕ್ ಕೇಳಿದಾಗ ಇದೇ ಉತ್ತರ ಕೊಟ್ಟ ಮಕ್ಕಳನ್ನು ಸರ್ವೀಸಿನುದ್ದಕ್ಕೂ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಡಾಕ್ಟರು ಹೇಳುವ ಮೊದಲೇ ಎದ್ದು ನಿಂತೆ.