ಮೂರು ಗೋಡೆಗೊಬ್ಬ ಆರ್ಕಿಟೆಕ್ಟು

ನಮ್ಮ ಚಿಕ್ಕಪ್ಪ ಮದುವೆಗೆಂದು ನೋಡಿದ್ದು ಒಂದೇ ಹೆಣ್ಣು. ಅದೂ ಅರ್ಧ ಗಂಟೆ, ಉಪ್ಪಿಟ್ಟು ತಿಂದ ಸಮಯವೂ ಸೇರಿ. ಅದೇ ಚಿಕ್ಕಪ್ಪ ಮೂರು ಗೋಡೆ, ಒಂದು ಸೂರು, ಒಂದು ಕಲ್ಲುಬೆಂಚಿನ ಬಸ್ ತಂಗುದಾಣ ಕಟ್ಟಿಸುವುದಕ್ಕೆ ನಾಲ್ಕು ಆರ್ಕಿಟೆಕ್ಟುಗಳನ್ನು ನೋಡಿದರು, ಒಂಬತ್ತು ತಿಂಗಳು ತೆಗೆದುಕೊಂಡರು. ಒಂಬತ್ತು ತಿಂಗಳಲ್ಲಿ ಜನ ಏನೇನು ಮಾಡಿ ಮುಗಿಸುವುದಿಲ್ಲ!

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಒಂದು ತಿರುವೇ ನಮ್ಮೂರಿನ ಸ್ಟಾಪು. ಅಲ್ಲೊಂದು ಹೊಂಗೆಮರವಿತ್ತು. ರಸ್ತೆ ಅಗಲ ಮಾಡುವಾಗ ಹೋಯಿತು. ಮರ ಹೋದ ವರ್ಷವೇ ಚಿಕ್ಕಮ್ಮನ ಮಂಡಿಯೂ ಹೋಯಿತು. ವಾರಕ್ಕೆರಡು ಸಲ ಚಾಮರಾಜನಗರದ ಆಸ್ಪತ್ರೆಗೆ ಹೋಗಿ ಕಾಲಿಗೆ ಕರೆಂಟು ಕೊಡಿಸಿಕೊಳ್ಳಬೇಕು, ತಪ್ಪಿಸಿದರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಕರೆಂಟು ಕೊಡುವುದು ಹತ್ತು ನಿಮಿಷ. ಅದಕ್ಕಾಗಿ ಬಿಸಿಲಲ್ಲಿ ಬಸ್ಸು ಕಾಯುವುದು ಒಂದೂವರೆ ಗಂಟೆ. ಕೂತುಕೊಳ್ಳಲು ಒಂದು ಕಲ್ಲೂ ಇಲ್ಲ. ಆದ್ದರಿಂದ ಚಿಕ್ಕಪ್ಪ ರಸ್ತೆಯಂಚಿನ ತಮ್ಮ ಹೊಲದ ಮೂಲೆಯಲ್ಲಿ ತಂಗುದಾಣ ಕಟ್ಟಿಸುತ್ತೇನೆಂದರು. ಊರಿನ ಮೇಸ್ತ್ರಿ ಮಾರನೆಯ ದಿನವೇ ದಾರ, ಗೂಟ ಹಿಡಿದು ಹಾಜರಾದ.

"ನೀನು ಗೋಡ ಕಟ್ತೀಯ ಕಣ್ಲಾ, ಇಲ್ಲ ಅನ್ನದಿಲ್ಲ. ಆದ್ರ ಇದ್ಕ ಆರ್ಕಿಟೆಕ್ಟೇ ಬೇಕು" ಎಂದು ಚಿಕ್ಕಪ್ಪ ಅವನಿಗೆ ಕಾಫಿ ಕುಡಿಸಿ ಕಳಿಸಿದರು.

ಅವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಜಗತ್ತನ್ನು ಇಂದಿಗೂ ಮುಂದಿನ ಗಾಜಿನ ಮೂಲಕವೇ ನೋಡುತ್ತಾರೆ. ತಂಗುದಾಣಗಳ ಬಗ್ಗೆ ಅವರದೊಂದು ಸಿದ್ಧಾಂತವಿತ್ತು. "ಒಳಗ ಕೂತೋರು ಡ್ರೈವರ್ ಕಣ್ಗ ಬೀಳದಿಲ್ಲ ಕಣಮ್ಮಿ. ಪಕ್ಕದ ಗೋಡ ಅಡ್ಡ ಬತ್ತದ. ಬಸ್ಸು ನಿಲ್ಬೇಕಂದ್ರ ಎದ್ದು ಬಿಸ್ಲುಗ ಬರ್ಬೇಕು. ಬಿಸ್ಲುಗೇ ಬರದಾದ್ರ ಅದ್ನ ಯಾಕ ಕಟ್ಬೇಕು?"

"ಹಾಗಾದ್ರೆ ಏನು ಮಾಡಬೇಕು ಚಿಕ್ಕಪ್ಪ?"

"ಅದು ಗೊತ್ತಿದ್ರ ನಾನೇ ಆರ್ಕಿಟೆಕ್ಟ್ ಆಯ್ತಿರ್ನಿಲ್ವಾ?"

ಚಾಮರಾಜನಗರ ಆಗತಾನೆ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳು ಏಳುತ್ತವೆಂದು ನಕ್ಷೆ ಬರೆಯುವವರೆಲ್ಲ ಬಂದು ಬೋರ್ಡು ಹಾಕುತ್ತಿದ್ದರು. ಅಲ್ಲೇ ಬಿ.ಎ. ಓದುತ್ತಿದ್ದ ನನ್ನನ್ನು ಇಂಗ್ಲಿಷಿಗೆಂದು ಜೊತೆಗಿಟ್ಟುಕೊಂಡು ಚಿಕ್ಕಪ್ಪ ಹುಡುಕಾಟಕ್ಕೆ ಹೊರಟರು. ಗಂಡಿನ ಮನೆ ವಿಚಾರಿಸುವ ಹಾಗೆ ವಿಚಾರಿಸಿದರು. ಆರ್ಕಿಟೆಕ್ಟು ಕಟ್ಟಿಸಿದ ಮನೆಗಳಿಗೆ ಹೋಗಿ, ಯಜಮಾನರನ್ನು ಬಿಟ್ಟು ಅಡುಗೆಮನೆಯ ಹೆಂಗಸರನ್ನೇ ಕೇಳಿದರು. "ಒಲೆ ಒಗೆ ಎತ್ಲಾಗ್ ಓಯ್ತದವ್ವ? ಮಳ ಬಂದ್ರ ಎಲ್ಲಿ ಸೋರ್ತದ?" ಮಳೆ ಬಂದಾಗ ಸೋರದ ಮನೆ ಕಟ್ಟಿದವರನ್ನು ಮಾತ್ರ ನಮ್ಮೂರಿಗೆ ಕರೆದು ಉಪ್ಪೆಸರು, ಮುದ್ದೆಯ ಊಟ ಹಾಕಿಸಿದರು. ಅಡುಗೆ ಮಾಡಿ ಬಡಿಸುವವರು ಯಾರು? ಮಂಡಿನೋವಿನ ಚಿಕ್ಕಮ್ಮ.

ಮೊದಲನೆಯವರು ಕಾರಿನಲ್ಲಿ ಬಂದರು. ಗುಮ್ಮಟವಿದ್ದ ಚಿತ್ರ ಬಿಚ್ಚಿದರು. ಒಳಗೆ ಕೂತವರು ಡ್ರೈವರಿಗೆ ಕಾಣಬೇಕಲ್ಲ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ, ಕೆಂಪು ಬಣ್ಣ ಬಳಿದರೆ ಒಂದು ಮೈಲಿಯಿಂದಲೇ ಕಾಣುತ್ತದೆ ಎಂದರು.

"ಗುಮ್ಮಟ ಕಾಣ್ತದ ಸ್ವಾಮಿ. ಜನ?"

ಅವರು ಮಜ್ಜಿಗೆ ಕುಡಿದು ಹೊರಟುಹೋದರು.

ಎರಡನೆಯವರು ವಾಸ್ತುವಿನಲ್ಲಿ ಪಳಗಿದವರು. ದಿಕ್ಸೂಚಿ ಇಟ್ಟು, ಕಣ್ಣು ಕಿರಿದು ಮಾಡಿ, ದಕ್ಷಿಣಕ್ಕೆ ಮುಖ ಮಾಡಿ ಕೂರುವುದು ಕ್ಷೇಮವಲ್ಲ, ಉತ್ತರಕ್ಕೆ ತೆರೆಯಬೇಕು ಎಂದರು. ರಸ್ತೆ ಇದ್ದದ್ದು ದಕ್ಷಿಣಕ್ಕೆ. ಉತ್ತರಕ್ಕೆ ಇದ್ದದ್ದು ನಮ್ಮ ಅರಿಶಿನದ ಹೊಲ.

"ಸರಿ ಬುಡಿ, ಬಸ್ಸ ಒಲದ ಮ್ಯಾಲ ತಿರುಗ್ಸಿ ತರ್ಸನ" ಎಂದು ಚಿಕ್ಕಪ್ಪ ಗಂಭೀರವಾಗಿಯೇ ಹೇಳಿದರು. ಅವರೂ ಅಷ್ಟೇ ಗಂಭೀರವಾಗಿ ಬರೆದುಕೊಂಡರು.

ಮೂರನೆಯವರು ಬುದ್ಧಿವಂತರು. ನಮ್ಮಿಬ್ಬರಿಗೂ ಅವರ ಮೇಲೆ ಆಸೆಯಿತ್ತು. ಚಿಕ್ಕಪ್ಪ ಅವರಿಗೆ ಒಂದೇ ಪರೀಕ್ಷೆ ಇಟ್ಟರು. ಒಂದು ಬಸ್ಸು ಬರುವ ತನಕ ಸ್ಟಾಪಿನಲ್ಲಿ ನಮ್ಮ ಜೊತೆ ಕಾಯಬೇಕು, ಅಷ್ಟೇ. ಅವರು ನಲವತ್ತು ನಿಮಿಷ ಕಾದರು. ಆಮೇಲೆ ಕೋಸು ತುಂಬಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಗೆ ಕೈ ಅಡ್ಡ ಹಾಕಿ, ನಕ್ಷೆಯ ಸುರುಳಿಯ ಸಮೇತ ಹತ್ತಿಯೇಬಿಟ್ಟರು. ಅವರ ಮನೆ ಇದ್ದದ್ದು ಚಾಮರಾಜನಗರದಲ್ಲಿ. ಕಾಯುವುದಕ್ಕಿಂತ ಕೇರಳವೇ ವಾಸಿ ಎನಿಸಿರಬೇಕು.

ಇದೆಲ್ಲ ನಡೆಯುತ್ತಿದ್ದಾಗ ಚಿಕ್ಕಮ್ಮ ವಾರಕ್ಕೆರಡು ಸಲ ತಲೆಯ ಮೇಲೆ ಸೆರಗು ಹಾಕಿಕೊಂಡು ಬಿಸಿಲಲ್ಲಿ ನಿಲ್ಲುತ್ತಲೇ ಇದ್ದರು. ಒಂದು ದಿನ ನಿಲ್ಲಲಾಗದೆ, ರಸ್ತೆಬದಿಯಲ್ಲಿ ನಿಲ್ಲಿಸಿದ್ದ ಕಬ್ಬಿನ ಗಾಡಿಯ ನೆರಳಿಗೆ ಹೋಗಿ ಕೂತರು. ಬಸ್ಸು ಬಂತು, ಯಾರೂ ಕಾಣಲಿಲ್ಲವೆಂದು ಹಾಗೇ ಹೋಯಿತು. ಚಿಕ್ಕಮ್ಮ ಕುಂಟುತ್ತಾ ಮನೆಗೆ ಬಂದವರೇ ಆಸ್ಪತ್ರೆಯ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು.

"ಇನ್ನ ನಾನು ಓಗದಿಲ್ಲ. ಕಾಲು ಬಿಗ್ಕಂಡ್ರ ಬಿಗ್ಕೊಳ್ಳಿ."

ಅವತ್ತು ಚಿಕ್ಕಪ್ಪ ಊಟಕ್ಕೆ ಏಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. "ಯಾರೋ ಒಬ್ಬರ ಕೈಲಿ ಕಟ್ಟಿಸಿ ಮುಗಿಸಬಾರದಾ? ನಿಮಗೆ ಆರ್ಕಿಟೆಕ್ಟ್ ಮುಖ್ಯವೋ, ಚಿಕ್ಕಮ್ಮ ಮುಖ್ಯವೋ?" ಎಂದು ಕೇಳಿಯೇಬಿಟ್ಟೆ. ಮೂವತ್ತು ವರ್ಷ ಪ್ರಯಾಣಿಕರ ಬಾಯಿಗೆ ಉತ್ತರ ಕೊಟ್ಟು ಅಭ್ಯಾಸವಿದ್ದವರು ಗೋಡೆಯ ಕಡೆಗೆ ತಿರುಗಿ ಮಲಗಿಬಿಟ್ಟರು.

ನಾಲ್ಕನೆಯವನು ಕಾಲೇಜು ಮುಗಿಸಿ ಎರಡು ವರ್ಷವೂ ಆಗದ ಹುಡುಗ. ಬಸ್ಸಿನಲ್ಲೇ ಬಂದ. ಅದೂ ಸ್ಟಾಪು ದಾಟಿ ಅರ್ಧ ಫರ್ಲಾಂಗು ಮುಂದೆ ಇಳಿದು, ಬೆವರು ಒರೆಸಿಕೊಳ್ಳುತ್ತಾ ಹಿಂದಕ್ಕೆ ನಡೆದು ಬಂದ. "ತಿರುವಿನ ಮರೆಯಲ್ಲಿದೆ ಸಾರ್ ನಿಮ್ಮ ಸ್ಟಾಪು. ಡ್ರೈವರಿಗೆ ಗೊತ್ತಾಗೋ ಹೊತ್ತಿಗೆ ದಾಟಿರುತ್ತೆ" ಎಂದ. ಚಿಕ್ಕಪ್ಪ ನನ್ನ ಮುಖ ನೋಡಿದರು. ಹುಡುಗ ನಕ್ಷೆ ಬಿಚ್ಚಲಿಲ್ಲ. ಚಿಕ್ಕಮ್ಮನನ್ನು ಬಗೆಬಗೆ ಎತ್ತರದ ಕಲ್ಲುಗಳ ಮೇಲೆ ಕೂರಿಸಿ, ಯಾವುದರಿಂದ ಏಳುವಾಗ ನೋವು ಕಡಿಮೆ ಎಂದು ಕೇಳಿ ಟೇಪು ಹಿಡಿದ. ತಂಗುದಾಣವನ್ನು ತಿರುವಿನಿಂದ ಇಪ್ಪತ್ತು ಹೆಜ್ಜೆ ಮುಂದಕ್ಕೆ ತಂದ. ಬಸ್ಸು ಬರುವ ಕಡೆಯ ಗೋಡೆಯನ್ನು ಸೊಂಟದ ಎತ್ತರಕ್ಕೇ ನಿಲ್ಲಿಸಿ, ಸೂರಿಗೆ ಅಲ್ಲೊಂದು ಕಂಬ ಕೊಟ್ಟ. ಮುಗಿಯಿತು! ಒಂಬತ್ತು ತಿಂಗಳು ಹುಡುಕಿ ಚಿಕ್ಕಪ್ಪ ಸಂಪಾದಿಸಿದ್ದು ಇದನ್ನೇ. ಅರ್ಧ ಗೋಡೆ ಕಡಿಮೆ.

ಮೇಸ್ತ್ರಿ ಹನ್ನೆರಡು ದಿನದಲ್ಲಿ ಕಟ್ಟಿದ. ಸೂರಿನ ಹಲಗೆ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಚಿಕ್ಕಪ್ಪ ಪಟದ ಹಿಂದಿನ ಚೀಟಿಯನ್ನು ತಾವೇ ತೆಗೆದು, ಚಿಕ್ಕಮ್ಮನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು. "ನೀನು ಅಲ್ಲಾಡ್ಬೇಡ, ಕೈ ತೋರ್ಸ್ಬೇಡ" ಎಂದು ಹೇಳಿ ಸೈಕಲ್ ಹತ್ತಿ ತಿರುವಿನಾಚೆ ಮಾಯವಾದರು. ಸ್ವಲ್ಪ ಹೊತ್ತಿಗೆ ಅತ್ತಲಿಂದ ಬೆನ್ನು ನೆಟ್ಟಗೆ ಮಾಡಿಕೊಂಡು, ಹ್ಯಾಂಡಲನ್ನು ಸ್ಟೀರಿಂಗಿನಂತೆ ಹಿಡಿದು, ರಸ್ತೆಯ ಎಡಭಾಗದಲ್ಲೇ ಬಂದರು. ನಮ್ಮೆದುರಿಗೆ ಸರಿಯಾಗಿ ಬ್ರೇಕು ಹಿಡಿದು ಕಾಲೂರಿದರು.

"ಕಂಡೆ ಕಣೆ. ತಿರುಗ್ತಿದ್ದಂಗೇ ಕಂಡೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು. "ಮೊದ್ಲ ಬಸ್ರೀಲಿ ಏಳು ತಿಂಗ್ಳು ನಂಗ. ಆಸ್ಪತ್ರಗ ಓಗನ ಅಂತ ತೌರೂರ ಸ್ಟಾಪಲ್ಲಿ ಮಳ ಅಂತ ಒಳಗ ಕೂತಿದ್ದೆ ಕಣಮ್ಮಿ. ಬಸ್ಸು ನಿಲ್ನಿಲ್ಲ. ಮೂರು ಮೈಲಿ ನೆಂದ್ಕಂಡು ನಡುದ್ನಿ. ಆ ಬಸ್ಸ ಓಡುಸ್ತಿದ್ದೋರು ಇವ್ರೇಯ. ಯೋಳುದ್ರ ನೊಂದ್ಕತಾರ ಅಂತ ಇವತ್ಗಂಟ ಯೋಳಿರ್ನಿಲ್ಲ."

ಚಿಕ್ಕಪ್ಪ ಸೈಕಲ್ಲಿನ ಮೇಲಿಂದ ಇಳಿಯದೆ ರಸ್ತೆಯನ್ನೇ ನೋಡುತ್ತಿದ್ದರು.

"ಕಂಡಕ್ಟರು ಇಂದ್ಲ ಕಿಟಕೀಲಿ ನಿನ್ನ ನೋಡಿದ್ದ. ಅವತ್ತೇ ಡಿಪೋದಲ್ಲಿ ಯೋಳ್ದ" ಎಂದರು. "ನೀನು ಬೋದಿದ್ರ ಸೈಸ್ಕತ್ತಿದ್ದೆ. ನೀನು ಬೋಯ್ನೇ ಇಲ್ಲ."

ಸೈಕಲನ್ನು ಗೋಡೆಗೆ ಒರಗಿಸಿ ಬಂದು ಚಿಕ್ಕಪ್ಪ ಬೆಂಚಿನ ಮೇಲೆ ಚಿಕ್ಕಮ್ಮನ ಪಕ್ಕ ಕೂತರು. ತಿರುವಿನಲ್ಲಿ ಚಾಮರಾಜನಗರದ ಬಸ್ಸು ಕಾಣಿಸಿಕೊಂಡು, ನಿಧಾನ ಮಾಡಿ, ಅವರಿಬ್ಬರ ಎದುರಿಗೇ ಬಂದು ನಿಂತಿತು. ಯಾರೂ ಕೈ ತೋರಿಸಿರಲಿಲ್ಲ.