ಮೀಸೆಗೆ ಬಿದ್ದ ಹೂವು

ಎಲ್ಲಕ್ಕೂ ಕಾರಣ ಒಂದು ಬೋರ್ಡು. ‘ಗುಡಿಯೊಳಗೆ ಫೋಟೊ, ವಿಡಿಯೊ ತೆಗೆಯುವುದು ಕಡ್ಡಾಯವಾಗಿ ನಿಷೇಧ. ಅಮ್ಮನ ಅಪ್ಪಣೆ ಪಡೆದವರಿಗೆ ಮಾತ್ರ ಅವಕಾಶ’ ಎಂದು ಕೆರೆಯಮ್ಮನ ಗುಡಿಯ ಬಾಗಿಲಲ್ಲಿ ಬರೆಸಿ ಹಾಕಿದ್ದರು. ಬುದ್ಧಿವಂತರು ಮೊದಲನೆಯ ಸಾಲು ಓದಿ ಫೋನನ್ನು ಜೇಬಿಗೆ ಸೇರಿಸುತ್ತಿದ್ದರು. ಶಿವರಾಮ ಎರಡನೆಯ ಸಾಲನ್ನೂ ಓದಿದ.

ಶಿವರಾಮ ಶಿಕಾರಿಪುರದ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಗುಮಾಸ್ತ. ವಾರಕ್ಕೆ ಆರು ದಿನ ಚೀಲಗಳ ಲೆಕ್ಕ ಬರೆಯುತ್ತಿದ್ದವನು ಭಾನುವಾರ ಬಂತೆಂದರೆ ‘ಮೀಸೆ ಶಿವರಾಮನ ಸಂಚಾರ’ ಎಂಬ ಚಾನೆಲ್ಲಿನ ಒಡೆಯನಾಗುತ್ತಿದ್ದ. ಮೀಸೆ ನಿಜಕ್ಕೂ ದೊಡ್ಡದು. ಚಾನೆಲ್ಲಿನ ಬಗ್ಗೆ ಹಾಗೆ ಹೇಳುವಂತಿರಲಿಲ್ಲ. ಸಬ್‌ಸ್ಕ್ರೈಬರುಗಳು ನೂರಾ ಹನ್ನೆರಡು, ಅದರಲ್ಲಿ ಮೂವರು ಅವನೇ. ಹೋದ ತಿಂಗಳು ಹಾಕಿದ ಕುಬಟೂರಿನ ಗುಡಿಯ ವಿಡಿಯೊವನ್ನು ಅರವತ್ತೊಂದು ಜನ ನೋಡಿದ್ದರು. ಅವರಲ್ಲೂ ಅರ್ಧ ಜನ, ಹಿಂದೆ ಕಂಬದ ಬುಡದಲ್ಲಿ ಮಲಗಿರುವ ನಾಯಿ ಯಾರದು ಎಂದು ಕೇಳಿದ್ದರು.

ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಹೆಂಡತಿಯ ತಮ್ಮ ಹರ್ಷವರ್ಧನ. ಆನವಟ್ಟಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅವನ ಚಾನೆಲ್ಲಿಗೆ ನಲವತ್ತು ಸಾವಿರ ಜನ. ಹಬ್ಬಕ್ಕೆ ಬಂದಾಗಲೆಲ್ಲ “ಭಾವ, ನಿಮ್ಮ ಸಂಚಾರ ಎಲ್ಲಿಗೆ ಬಂತು?” ಎಂದು ಕೇಳಿಕೊಂಡೇ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ. ಅಂಥವನಿಗೂ ಕೆರೆಯಮ್ಮ ಹೋದ ವರ್ಷ ಎಡಗಡೆ ಹೂ ಕೊಟ್ಟು ವಾಪಸು ಕಳಿಸಿದ್ದಳು. ಆಮೇಲೆ ಅಪ್ಪಣೆ ಕೇಳುವ ಧೈರ್ಯವನ್ನು ಯಾರೂ ಮಾಡಿರಲಿಲ್ಲ. ಕೆರೆಯಮ್ಮನನ್ನು ಲೋಕಕ್ಕೆ ಮೊದಲು ತೋರಿಸಿದವನು ತಾನಾಗಬೇಕು, ಹರ್ಷವರ್ಧನ ಅದನ್ನು ನೋಡಬೇಕು. ಶಿವರಾಮನಿಗೆ ಇದ್ದದ್ದು ಇದೊಂದೇ ಆಸೆ. ಮಂಡಿಯವರ ವಾಟ್ಸಾಪ್ ಗುಂಪಿನಲ್ಲಿ ‘ಇಂದು ಸಂಜೆ ಆರಕ್ಕೆ ಕೆರೆಯಮ್ಮನ ದರ್ಶನ’ ಎಂದು ಆ ಭಾನುವಾರ ಬೆಳಿಗ್ಗೆ ಗುಡಿಗೆ ಹೊರಡುವ ಮೊದಲೇ ಸಾರಿಯೂ ಬಿಟ್ಟಿದ್ದ.

ಅಮ್ಮನ ಎರಡೂ ಭುಜಕ್ಕೆ ಪೂಜಾರಿ ನೀರಲ್ಲಿ ಅದ್ದಿದ ಹೂ ಅಂಟಿಸಿದರು. ಶಿವರಾಮನ ಫೋನನ್ನು ಹರಿವಾಣದಲ್ಲಿಟ್ಟು ಕುಂಕುಮ ಹಚ್ಚಿದರು.

“ನೋಡ್ರೀ, ಬಲಗಡೆ ಬಿದ್ರೆ ಅಪ್ಪಣೆ, ಎಡಗಡೆ ಬಿದ್ರೆ ಸುಮ್ನೆ ಕೈಮುಗಿದು ಹೋಗೋದು. ಅಪ್ಪಣೆ ಆದ್ರೂ ಈ ಫೋನಿಗೆ ಮಾತ್ರ, ಇವತ್ತಿಗೆ ಮಾತ್ರ. ಒಂದು ಗಂಟೆಗೆ ನಾನು ಬಾಗ್ಲು ಹಾಕ್ತೀನಿ” ಎಂದರು.

ಹತ್ತೂವರೆಗೆ ಕೇಳಿದ್ದು. ಹನ್ನೊಂದೂವರೆಯಾದರೂ ಹೂ ಅಲ್ಲಾಡಲಿಲ್ಲ. ಹಿಂದೆ ಜನ ಸೇರಿದರು. ಎಲ್ಲರಿಗಿಂತ ಮುಂದೆ ಇದ್ದವಳು ಮೂಕಮ್ಮ. ಎಮ್ಮೆ ಮಾರಬೇಕೋ ಬೇಡವೋ ಎಂದು ಅಮ್ಮನನ್ನು ಕೇಳಲು ಬಂದಿದ್ದ ಅವಳಿಗೆ ಹೆಸರಿಗೂ ಬಾಯಿಗೂ ಸಂಬಂಧವಿರಲಿಲ್ಲ.

“ಬರಿಗೈಲಿ ಕೇಳಿದ್ರೆ ಅಮ್ಮ ಕೊಡ್ತಾಳೇನೋ ತಮ್ಮಾ? ಏನಾರ ಹರಕೆ ಹೇಳ್ಕೋ” ಎಂದಳು.

ಶಿವರಾಮ ಐದು ತೆಂಗಿನಕಾಯಿ ಹೇಳಿಕೊಂಡ. ಹೂ ಅಲ್ಲೇ ಇತ್ತು. ಸೀರೆ ಹೇಳಿಕೊಂಡ. ಹೂವಿಗೆ ಕೇಳಿಸಿದಂತೆಯೇ ಕಾಣಲಿಲ್ಲ. ಕೊನೆಗೆ ತಲೆಗೂದಲನ್ನೇ ಕೊಡುವುದಾಗಿ ಹೇಳಿದ. ಮೂಕಮ್ಮ ಅವನ ನೆತ್ತಿಯನ್ನೊಮ್ಮೆ ನೋಡಿದಳು.

“ತಾನಾಗೇ ಉದುರಿ ಹೋಗ್ತಿರೋದನ್ನ ಅಮ್ಮಂಗೆ ಯಾಕೋ ಕೊಡ್ತೀಯ? ನಿಂಗೆ ಬೇಕಾದ್ದು ಕೊಡ್ಬೇಕು.”

ಗುಡಿಯಲ್ಲಿದ್ದವರ ಕಣ್ಣೆಲ್ಲ ಒಟ್ಟಿಗೇ ಅವನ ಮೀಸೆಯ ಮೇಲೆ ಬಿದ್ದವು. ಇಪ್ಪತ್ತೆರಡು ವರ್ಷ ಕೊಬ್ಬರಿ ಎಣ್ಣೆ ಹಚ್ಚಿ ಸಾಕಿದ ಮೀಸೆ. ಮದುವೆಯಲ್ಲಿ ಮಾವನ ಕಡೆಯವರು ಹೊಗಳಿದ ಏಕೈಕ ವಸ್ತು ಅದು. ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು. ಹರ್ಷವರ್ಧನ ಹೋಳಿಗೆ ತಿನ್ನುವ ಮುಖ ಶಿವರಾಮನ ಕಣ್ಣೆದುರು ಬಂತು.

“ತಾಯೀ, ಮೀಸೇನೂ ಸೇರಿಸಿ ಕೊಡ್ತೀನಿ” ಎಂದುಬಿಟ್ಟ.

ಬಲಭುಜದ ಹೂ ಇದಕ್ಕೇ ಕಾಯುತ್ತಿತ್ತೇನೋ ಎಂಬಂತೆ ಜಾರಿ ಬಿತ್ತು.

ಮೊದಲು ಹರಕೆ, ಆಮೇಲೆ ವಿಡಿಯೊ ಎಂದರು ಪೂಜಾರಿ. ಕೆರೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡ ಕ್ಷೌರಿಕ ತಲೆಯನ್ನು ಸರಾಗವಾಗಿ ಬೋಳಿಸಿದ. ಮೀಸೆಗೆ ಬಂದಾಗ ಕತ್ತಿ ಹಿಡಿದ ಕೈ ನಿಂತಿತು.

“ಯಜಮಾನ್ರೇ, ಮನೇಲಿ ತಂದೆಯವ್ರು ಅದಾರಲ್ಲ?”

“ಅವ್ರಿಗೇನಾಗೈತಿ, ಗಟ್ಟಿಮುಟ್ಟಾಗಿದಾರೆ. ಎಂಬತ್ತೆರಡಾದ್ರೂ ಮೂರು ರೊಟ್ಟಿ ತಿಂತಾರೆ. ಬೇಗ ಮಾಡಪ್ಪ, ಬಾಗ್ಲು ಹಾಕ್ತಾರೆ.” ಕ್ಷೌರಿಕರಿಗೆ ಲೋಕಾಭಿರಾಮ ಹೆಚ್ಚು ಎಂದುಕೊಂಡ ಶಿವರಾಮ.

“ಅಲ್ಲ, ತಂದೆ ಇದ್ದೋರು ಮೀಸೆ...” ಎಂದು ಕ್ಷೌರಿಕ ರಾಗ ಎಳೆದ.

“ಅಮ್ಮಂಗೆ ಹೇಳ್ಕೊಂಡಿದ್ದು, ತೆಗಿಯೋ ಮಾರಾಯ. ನಂದು ಎಮ್ಮೆ ಕೇಳೋದು ಬಾಕಿ ಐತಿ” ಎಂದಳು ಮೂಕಮ್ಮ. ಮೀಸೆ ಹೋಯಿತು.

ಹನ್ನೆರಡೂ ಮುಕ್ಕಾಲಿಗೆ ಶಿವರಾಮ ಅಮ್ಮನ ಎದುರು ನಿಂತು, ಕುಂಕುಮ ಒರೆಸಿ ಫೋನನ್ನು ಮುಖದೆದುರು ಹಿಡಿದ. ಮಂಡಿಯವರು ಕದ್ದು ತೆರೆದು ತನ್ನ ಅರವತ್ತೊಂದನ್ನು ನೋಡಿ ನಗುತ್ತಾರೆಂದು ಅದಕ್ಕೆ ಮುಖದ ಬೀಗ ಹಾಕಿಸಿಕೊಂಡಿದ್ದ. ಫೋನು ಅವನನ್ನು ನೋಡಿತು. ‘ಮುಖ ಹೊಂದಿಕೆಯಾಗುತ್ತಿಲ್ಲ’ ಎಂದಿತು. ಬೆಳಕಿಗೆ ಹಿಡಿದ, ಪಕ್ಕಕ್ಕೆ ತಿರುಗಿದ, ಎರಡು ಬೆರಳನ್ನು ಮೂಗಿನ ಕೆಳಗೆ ಮೀಸೆಯಂತೆ ಇಟ್ಟುಕೊಂಡೂ ನೋಡಿದ. ಫೋನಿಗೆ ಅವನ ಗುರುತೇ ಇರಲಿಲ್ಲ.

ಕೊನೆಗೆ ಅದು ನಾಲ್ಕು ಅಂಕಿ ಕೇಳಿತು. ಆ ಅಂಕಿಗಳನ್ನು ಹಾಕಿ, ಬೀಗ ತೆಗೆಯದೆ ಕ್ಯಾಮೆರಾವೂ ತೆರೆಯದಂತೆ ಮಾಡಿದವಳು ಮಗಳು ನಯನ. ಅವಳು ಹುಟ್ಟಿದ ದಿನ, ಹೆಂಡತಿಯ ದಿನ, ಮದುವೆಯ ದಿನ, ಎಲ್ಲವನ್ನೂ ಒತ್ತಿದ. ಯಾವುದೂ ಆಗಲಿಲ್ಲ. ನಯನಳನ್ನು ಕೇಳೋಣವೆಂದರೆ ಅವಳ ನಂಬರು ಇದ್ದದ್ದೂ ಅದೇ ಫೋನಿನೊಳಗೆ.

“ಅಮ್ಮ ಒಪ್ಪಿದ್ಲು, ಫೋನೇ ಒಪ್ಪಲಿಲ್ಲ, ಏನ್ಮಾಡೋಕಾಗುತ್ತೆ” ಎಂದು ಪೂಜಾರಿ ಒಂದು ಗಂಟೆಗೆ ಸರಿಯಾಗಿ ಬಾಗಿಲು ಹಾಕಿದರು.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿ ಮಂಡಿಯ ದೇವರಾಜ ಬೈಕಿನಲ್ಲಿ ಕಂಡ. ಸದಾ “ಏನಣ್ಣ, ಎಷ್ಟು ವ್ಯೂಸು?” ಎಂದು ಕಾಡುವವನು ಇವತ್ತು ದೂರದಲ್ಲೇ ನಿಂತು, ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿ ಹೊರಟುಹೋದ. ಹರಕೆ ತೀರಿಸಿ ಬಂದವನಿಗೆ ಸಲ್ಲುವ ಗೌರವ ಎಂದುಕೊಂಡ ಶಿವರಾಮ. ಬಸ್ಸು ಬರುವುದು ಒಂದೂವರೆ ಗಂಟೆ ತಡವಾಯಿತು. ಬಂದಾಗ ಅದರಲ್ಲಿ ಯಾರೋ ಎದ್ದು ಅವನಿಗೆ ಸೀಟು ಬಿಟ್ಟುಕೊಟ್ಟರು. ಪಕ್ಕದಲ್ಲಿದ್ದ ಹೆಂಗಸು, ಅವನು ಯಾರೆಂದು ಗೊತ್ತಿಲ್ಲದಿದ್ದರೂ, ಕಣ್ಣೊರೆಸಿಕೊಂಡಳು. ಈ ಕಡೆಯ ಜನ ಎಷ್ಟು ಒಳ್ಳೆಯವರೆಂದು ಅವನ ಮನಸ್ಸು ತುಂಬಿ ಬಂತು.

ಗುಡಿಯಲ್ಲಿ ಸದ್ದು ತೆಗೆದಿದ್ದ ಫೋನನ್ನು ಅವನು ಹಾಗೇ ಬಿಟ್ಟಿದ್ದ. ತೆಗೆದು ನೋಡಿದರೆ ನಲವತ್ತು ಮಿಸ್ಡ್ ಕಾಲ್. ಇನ್ನೂ ಆರು ಗಂಟೆಯಾಗಿಲ್ಲ, ಆಗಲೇ ಜನ ಇಷ್ಟು ಕಾಯುತ್ತಿದ್ದಾರೆ. ಅವರಿಗೆ ಏನೆಂದು ಹೇಳುವುದು ಎಂದು ನಾಚಿ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಮನೆಯ ಬೀದಿ ತಿರುಗಿದರೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಮಂಡಿಯವರು, ಅಕ್ಕಪಕ್ಕದವರು, ವರ್ಷಗಟ್ಟಲೆ ಮಾತು ಬಿಟ್ಟಿದ್ದ ದಾಯಾದಿಗಳು, ಎಲ್ಲರೂ ಇದ್ದರು. ತಮ್ಮನ ಮನೆಗೆ ಹೋಗಿದ್ದ ಹೆಂಡತಿ ವಸಂತ ಮಗಳ ಜೊತೆ ಆನವಟ್ಟಿಯಿಂದ ಕಾರಿನಲ್ಲಿ ಅಳುತ್ತ ಬಂದು, ಈಗ ಸಿಟ್ಟಿನಿಂದ ಕೆಂಪಾಗಿ ನಿಂತಿದ್ದಳು. ದೇವರಾಜ ಎಲ್ಲರ ಹಿಂದೆ ಅಡಗಿದ್ದ. ನಡುವಿನ ಕುರ್ಚಿಯಲ್ಲಿ, ಯಾರೋ ತಂದ ಸೇವಂತಿಗೆ ಹಾರವನ್ನು ತೊಡೆಯ ಮೇಲಿಟ್ಟುಕೊಂಡು, ಶಿವರಾಮನ ಅಪ್ಪ ರಾಜಪ್ಪ ಚಹಾ ಕುಡಿಯುತ್ತಿದ್ದರು.

ಶಿವರಾಮನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ತಲೆ, ಮೀಸೆ ಎರಡನ್ನೂ ತೆಗೆಸಿದ ಮಗನನ್ನು ನೋಡಿದರೆ ಊರು ಏನೆಂದುಕೊಳ್ಳುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತು. ಕ್ಷೌರಿಕನ ಕೈ ಯಾಕೆ ನಿಂತಿತ್ತು ಎಂಬುದೂ ಹೊಳೆಯಿತು.

“ಬಾರಪ್ಪ” ಎಂದರು ರಾಜಪ್ಪ. “ಒಳಗೆ ಮಲಗಿದ್ದೆ, ಎದ್ದು ಬಂದು ನೋಡಿದ್ರ ಇವ್ರೆಲ್ಲ ಕುಂತಾರ. ಎಷ್ಟೊತ್ತಿಗೆ ಹೋದ್ರು, ಹೆಂಗ ಹೋದ್ರು ಅಂತ ಕೇಳ್ತಾರ. ನಂಗೂ ಗೊತ್ತಿಲ್ಲ. ನೀನಾರ ಹೇಳು, ನಾ ಯಾವಾಗ ಹೋದೆ?”

“ಫೋನು ತೆರೀಲೇ ಇಲ್ಲಪ್ಪ” ಎಂದು ಶಿವರಾಮ ಅದನ್ನು ಜೇಬಿನಿಂದ ತೆಗೆದು ತೋರಿಸಿದ.

“ಎಣಿಸೀನಿ, ಎಪ್ಪತ್ತಮೂರು ಜನ ಬಂದಾರ. ನಿನ್ನ ಕುಬಟೂರಿಗೆ ಅರವತ್ತೊಂದಲ್ಲೇನೋ?”

ನಯನ ಅವನ ಕೈಯಿಂದ ಫೋನು ಕಿತ್ತುಕೊಂಡು ನಾಲ್ಕು ಅಂಕಿ ಒತ್ತಿದಳು. ಫೋನು ತೆರೆಯಿತು. “ನಿನ್ನ ಹುಟ್ಟಿದ ದಿನಾನೇ ಅಪ್ಪ. ಅದೊಂದು ನೆನಪಿರುತ್ತೆ ಅಂತ ಹಾಕಿದ್ದೆ” ಎಂದಳು. ಅವನು ಎಲ್ಲರ ದಿನವನ್ನೂ ಒತ್ತಿದ್ದ, ತಾನೂ ಒಂದು ದಿನ ಹುಟ್ಟಿದ್ದೇನೆ ಎಂಬುದನ್ನು ಬಿಟ್ಟು.

“ಭಾವ, ಸ್ವಲ್ಪ ಪಕ್ಕಕ್ಕೆ ಸರೀರಿ, ಮಾಮ ಕಾಣ್ತಿಲ್ಲ” ಎಂಬ ಧ್ವನಿ ಬಂತು. ಹರ್ಷವರ್ಧನ ಫೋನು ಎತ್ತಿ ಹಿಡಿದು ನಿಂತಿದ್ದ. ರಾಜಪ್ಪ ಹಾರವನ್ನು ಕೊರಳಿಗೆ ಹಾಕಿಕೊಂಡು ನೆಟ್ಟಗೆ ಕುಳಿತರು. ಇಲ್ಲಿ ವಿಡಿಯೊ ತೆಗೆಯಬಾರದೆಂಬ ಬೋರ್ಡನ್ನು ಶಿವರಾಮ ತನ್ನ ಮನೆಯ ಬಾಗಿಲಿಗೆ ಹಾಕಿಸಿರಲಿಲ್ಲ.

ಸಂಜೆ ಆರು ಗಂಟೆಗೆ ಸರಿಯಾಗಿ ‘ತನ್ನ ಸಾವಿಗೆ ಬಂದವರ ಎದುರು ಕೂತು ಚಹಾ ಕುಡಿದ ತಾತ’ ಎಂಬ ವಿಡಿಯೊ ಹರ್ಷವರ್ಧನನ ಚಾನೆಲ್ಲಿನಲ್ಲಿ ಬಂತು. ಬೆಳಗಾಗುವಷ್ಟರಲ್ಲಿ ತೊಂಬತ್ತು ಸಾವಿರ ಜನ ನೋಡಿದ್ದರು. ಶಿವರಾಮ ಮಂಡಿಗೆ ರಜೆ ಹಾಕಿ, ಕೆಳಗಿನ ಕಮೆಂಟುಗಳನ್ನು ಒಂದೊಂದಾಗಿ ಓದಿದ. ಅರ್ಧ ಜನ ತಾತನನ್ನು ಹೊಗಳಿದ್ದರು. ಉಳಿದ ಅರ್ಧ ಜನ, ಹಿಂದೆ ಕಂಬದ ಪಕ್ಕ ನಿಂತಿರುವ ಬೋಳುತಲೆಯವರು ಯಾರು ಎಂದು ಕೇಳಿದ್ದರು.