ಮಾಳಿಗೆಯ ಮೇಲಿಂದ ಇಳಿದ ಗಂಗೆ

ಹೊಸದಾಗಿ ಕಟ್ಟಿಸಿದ ಮನೆಗೆ ನಳ ಕೂಡಿಸುವುದು ಕಷ್ಟದ ಕೆಲಸವೆಂದು ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಓದಿದವನು ನಾನು. ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆಂಬ ಮಹಾಸತ್ಯ ನನಗೆ ಗೊತ್ತಿತ್ತು. ಅದು ನಮ್ಮೂರು ಹಮ್ಮಿಗಿಯ ಎಮ್ಮೆಗಳಿಗೂ ಗೊತ್ತಿತ್ತು. ಆದರೆ ಅವು ಪರೀಕ್ಷೆ ಬರೆದಿರಲಿಲ್ಲ.

ನಳದ ಹುಚ್ಚಿಗೆ ಕಾರಣವಿತ್ತು. ನಮ್ಮ ಓಣಿಯ ಬಾವಿಯ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯಲು, ಅಡುಗೆಗೆ ಹೊಳೆಯೇ ಗತಿ. ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿ ನೀಲವ್ವ ದಂಡೆಯ ಇಳಿಜಾರಿನಲ್ಲಿ ತುಂಬಿದ ಕೊಡದ ಸಮೇತ ಜಾರಿ ಬಿದ್ದು, ಸೊಂಟ ಹಿಡಿದುಕೊಂಡು ಮಲಗಿದ್ದಳು. "ಹೊಸ ಮನಿಯೊಳಗ ನೀ ಕೊಡಾ ಹೊರೂದಿಲ್ಲ" ಎಂದು ಮಾತು ಕೊಟ್ಟುಬಿಟ್ಟೆ.

ಗದಗಿನಿಂದ ಕಬ್ಬಿಣದ ಕೊಳವೆ, ಹಿತ್ತಾಳೆಯ ನಳ, ದೊಡ್ಡದೊಂದು ಪೀಪಾಯಿ ಎಲ್ಲವನ್ನೂ ಬಸ್ಸಿನ ನೆತ್ತಿಗೆ ಹೇರಿಸಿ ಮುಂಡರಗಿಗೆ ತಂದು, ಅಲ್ಲಿಂದ ಚಕ್ಕಡಿಯಲ್ಲಿ ಊರು ಮುಟ್ಟಿಸಿದೆ. ಮಣ್ಣಿನ ಮಾಳಿಗೆಯ ಮೇಲೆ, ಸರಿಯಾಗಿ ಅಡುಗೆಮನೆಯ ನೆತ್ತಿಗೆ, ಪೀಪಾಯಿಯನ್ನು ಪ್ರತಿಷ್ಠಾಪಿಸಲಾಯಿತು. ಕೊಳವೆ ಜೋಡಿಸುವ ಕೆಲಸ ನನ್ನದೇ. ನಾಡು ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮುಂಬಯಿಗೊಂದು, ಮದರಾಸಿಗೊಂದು, ಹೈದರಾಬಾದಿಗೊಂದು ಎಂದು ಹರಿದು ಹೋಗಿದ್ದ ಕರ್ನಾಟಕವೇ ಕೂಡಿಕೊಂಡಿರುವಾಗ ಎರಡು ಕೊಳವೆ ಕೂಡುವುದಿಲ್ಲವೇ? ಸೋರಬಾರದೆಂದು ಸಂದಿಗೆ ಸಣಬಿನ ನಾರು ಸುತ್ತಿದೆ. ಸಾಲದೆನ್ನಿಸಿ ಇನ್ನಷ್ಟು ಸುತ್ತಿದೆ. ಮಿಕ್ಕಿದ್ದನ್ನು ಕೊಳವೆಯ ಒಳಕ್ಕೂ ತುರುಕಿದೆ.

ಹೊಸ ಮನೆ ಹೊಗುವ ದಿನ ಬಂತು. ಬೀಗರು, ಓಣಿಯ ಮುತ್ತೈದೆಯರು ಅಂಗಳದಲ್ಲಿ ನೆರೆದರು. ಸೊಸೆ ಹೊಳೆಯಿಂದ ಕೊಡ ತುಂಬಿ ತಂದು ಹೊಸ್ತಿಲು ದಾಟಿದ ಮೇಲೆಯೇ ಒಲೆ ಹೊತ್ತಿಸುವುದು ನಮ್ಮ ಮನೆಯ ಪದ್ಧತಿ. ಈ ಸಲ ಗಂಗೆ ನಳದಿಂದ ಬರುತ್ತಾಳೆ ಎಂದು ನಾನು ಘೋಷಿಸಿದೆ.

"ಗಂಗವ್ವ ಹೊಸ್ತಿಲಾ ದಾಟಿ ಬರಬೇಕೋ ತಮ್ಮಾ. ಕಳ್ಳರಂಗ ಮಾಳಿಗಿ ಮ್ಯಾಲಿಂದ ಇಳೀತಾಳೇನು?" ಎಂದಳು ಅವ್ವ.

"ಶಿವನ ತಲಿ ಮ್ಯಾಲೂ ಆಕಿ ಮ್ಯಾಲಿಂದನ ಇಳದಾಳಬೇ."

"ಅಂವಗ ಜಡಿ ಇತ್ತು. ನಿನ್ನ ಮಾಳಿಗಿಗೆ ಏನೈತಿ?"

ಶಾಸ್ತ್ರಾರ್ಥವನ್ನು ಅಲ್ಲಿಗೇ ಮುಗಿಸಿ ನಾನು ನಿಚ್ಚಣಿಕೆ ಹತ್ತಿದೆ. ಪಕ್ಕದ ಮನೆಯ ಬಸಣ್ಣ ಕಾಕಾ ಚಕ್ಕಡಿಯಲ್ಲಿ ಹೊಳೆಯ ನೀರು ತಂದು ಕೊಡ ಏರಿಸಿ ಕೊಟ್ಟ, ನಾನು ಸುರಿದೆ. ಕೆಳಗೆ ನೀಲವ್ವ ನಳಕ್ಕೆ ಕುಂಕುಮ ಹಚ್ಚಿ, ಅದರ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಬೆಳಕಿಂಡಿಗೆ ಬಾಯಿಟ್ಟು ಕೇಳಿದೆ:

"ತಿರುವಿದೇನು?"

"ತಿರುವೀನ್ರಿ."

"ಬಂತೇನು?"

"ಸುಂಯ್ ಅಂತೈತ್ರಿ."

"ಅದ ಗಾಳಿ. ಹಿಂದ ನೀರ ಬರ್ತೈತಿ. ಏಳಬ್ಯಾಡ, ಅಲ್ಲೇ ಕುಂಡ್ರು."

ಬರಲಿಲ್ಲ. ಕಾಲೇಜಿನ ವಿದ್ಯೆ ನೆನಪಾಯಿತು: ನೀರು ಹೆಚ್ಚಾದಷ್ಟೂ ಒತ್ತಡ ಹೆಚ್ಚು. ಸುರಿದೆ, ಸುರಿದೆ. ಪೀಪಾಯಿ ತುಂಬಿ ಹೊರಗೆ ಹರಿಯಿತು. ಹರಿದದ್ದನ್ನು ಮಾಳಿಗೆಯ ಮಣ್ಣು ಬಾಯಾರಿದ ಎತ್ತಿನಂತೆ ಕುಡಿಯಿತು.

"ತುಂಬೇತಪಾ, ಸಾಕು" ಎಂದ ಕಾಕಾ.

"ಒತ್ತಡ ಬೇಕು ಕಾಕಾ, ಒತ್ತಡ."

ಒತ್ತಡ ಬಂತು. ಜಂತಿಯ ಮೇಲೆ.

ಅಷ್ಟರಲ್ಲಿ ಕೆಳಗೆ ಅವ್ವನ ತಾಳ್ಮೆ ತೀರಿತ್ತು. "ನೀಲವ್ವಾ, ಆ ಕಬ್ಬಿಣದ ಮುಂದ ಕುಂತ್ರ ಹೊತ್ತು ಮೀರತೈತಿ. ಅಂವಗ ಹೇಳಬ್ಯಾಡ. ಕೊಡಾ ತಗೊಂಡು ಬಾ, ಹೊಳಿಗೆ ಹೋಗೂಣು."

ನೀಲವ್ವ ಎದ್ದು ಹೊಸ್ತಿಲು ದಾಟಿದ್ದಳು, ಅಷ್ಟೆ. ಜಂತಿ ಲಟಕ್ಕೆಂದಿತು. ಪೀಪಾಯಿ, ಕೆಸರು, ನೀರು ಒಟ್ಟಿಗೆ ಇಳಿದವು. ನಾನು ಅರ್ಧ ಮಾತ್ರ ಇಳಿದೆ. ಕಂಕುಳವರೆಗೆ ತೂತಿನಲ್ಲಿ ಸಿಕ್ಕಿಕೊಂಡು, ಅಡುಗೆಮನೆಯಲ್ಲಿ ಕಾಲು ಆಡಿಸುತ್ತ, "ನೀಲಾ, ನೀಲಾ" ಎಂದು ಕೂಗಿದೆ. ಆ ಗಳಿಗೆ ನನ್ನ ಎದೆಯಲ್ಲಿ ಇನ್ನೂ ಮುಗಿದಿಲ್ಲ.

"ಇಲ್ಲೇ ಅಂಗಳದಾಗ ಅದೀನ್ರಿ" ಎಂಬ ದನಿ ಕೊನೆಗೂ ಬಂತು. "ಧೋತರಾ ಸಂಬಾಳಿಸಿಕೊಳ್ರಿ, ಬೀಗರು ನೋಡಾಕತ್ತಾರ."

ಕಾಕಾ ಎಳೆದು ಇಳಿಸಿದ ಮೇಲೆ ಒಳಗೆ ಹೋಗಿ ನೋಡಿದೆ. ಮಣೆ ಎರಡು ತುಂಡಾಗಿ ಪೀಪಾಯಿಯ ಅಡಿಯಲ್ಲಿತ್ತು. "ಅಲ್ಲೇ ಕುಂಡ್ರು" ಎಂದವನು ನಾನೇ. ಮುರಿದ ಕೊಳವೆಯ ಬಾಯಲ್ಲಿ ಸಣಬು ಬಿರಡೆಯಂತೆ ಭದ್ರವಾಗಿ ಕೂತಿತ್ತು. ಒಂದು ಹನಿಯೂ ಸೋರಿರಲಿಲ್ಲ. ನನ್ನ ಜೋಡಣೆ ಅಷ್ಟು ಪಕ್ಕಾ!

ಆದರೆ ಗಂಗೆ ಇನ್ನೂ ಹೊಸ್ತಿಲು ದಾಟಿ ಬರಬೇಕಿತ್ತು. ನೀಲವ್ವ ಕೊಡ ಎತ್ತಿಕೊಂಡು ಹೊಳೆಯತ್ತ ಹೊರಟಿದ್ದಳು. ನಾನೇ ಇಸಿದುಕೊಂಡೆ. ಹೊಳೆಯಿಂದ ಬಂದ ಮುತ್ತೈದೆಯರ ಸಾಲಿನಲ್ಲಿ, ಮೈತುಂಬ ಕೆಸರು ಮೆತ್ತಿಕೊಂಡು ತಲೆಯ ಮೇಲೆ ಕೊಡ ಹೊತ್ತ ಗಂಡಸು ನಾನೊಬ್ಬನೇ. ಅವ್ವ ನನಗೂ ಆರತಿ ಎತ್ತಿದಳು.

ಮಾಳಿಗೆ ಮರುವಾರವೇ ದುರಸ್ತಿಯಾಯಿತು. ಆ ದಿನದಿಂದ ನೀಲವ್ವ ಹೊಳೆಯ ದಂಡೆ ಇಳಿದಿಲ್ಲ. ನೋಡಿ, ಮಾತು ಉಳಿಸಿಕೊಂಡಿದ್ದೇನೆ. ಬೆಳಿಗ್ಗೆ, ಸಂಜೆ ಹೆಗಲ ಮೇಲೆ ಕೊಡ ಹೊತ್ತು ದಂಡೆ ಹತ್ತುವಾಗ ನನಗೆ ಸುಖವೇ ಆಗುತ್ತದೆ. ಮನೆಗೆ ಬಂದವರು ಕುಡಿಯಲು ನೀರು ಕೇಳಿದರೆ ಅವ್ವ ಗಂಭೀರವಾಗಿ ಹೇಳುತ್ತಾಳೆ:

"ಕುಂಡ್ರಿ, ಕುಂಡ್ರಿ. ನಮ್ಮ ನಳ ಹೊಳಿಗೆ ಹೋಗೈತಿ. ಈಗ ಬರ್ತೈತಿ."